ಮರಮಟ್ಟಿನ ಅಳತೆಯಲ್ಲಿ ಮೊಬೈಲ್ ಆ್ಯಪ್‌ಗಳು

ನಿಂತ ಮರದ ಸುತ್ತಳತೆ ಮತ್ತು ಎತ್ತರವನ್ನೂ ಕಡಿದುರುಳಿಸಿದ ದಿಮ್ಮಿಯ ಘನ ಅಳತೆಯನ್ನೂ ಸ್ಮಾರ್ಟ್‌ಫೋನಿನಲ್ಲಿರುವ ಕ್ಯಾಮೆರಾ, ಕೋನ ಗುರುತಿಸುವ ಸಂವೇದಕ, ಲೇಸರ್ ಸಂವೇದಕಗಳ ನೆರವಿನಿಂದ ಲೆಕ್ಕ ಹಾಕಿ ಕೊಡುವ ತಂತ್ರಾಂಶಗಳಿವೆ. ಅರಣ್ಯಮಾಪನ ಶಾಸ್ತ್ರದಲ್ಲಿ ಇವು ಕಳೆದ ಹದಿನೈದು ವರ್ಷಗಳ ಬೆಳವಣಿಗೆ. ಆದರೆ ಇವು ಬಳಸುವ ಸೂತ್ರಗಳಲ್ಲಿ ಹೆಚ್ಚಿನವು ನೂರು, ಇನ್ನೂರು ವರ್ಷ ಹಳೆಯವು. ಫೋನು ಹೊಸದಾಗಿ ತಂದದ್ದು ವೇಗ, ದಾಖಲೆ ಮತ್ತು ಸ್ಥಳದ ಗುರುತು. ಮರ ಎಷ್ಟಿದೆ ಎಂಬ ಪ್ರಶ್ನೆಗೆ ಉತ್ತರ ಇಂದಿಗೂ ಯಾವ ಸೂತ್ರ ಹಿಡಿದಿರಿ, ಎಲ್ಲಿ ಅಳೆದಿರಿ ಎಂಬುದನ್ನೇ ಅವಲಂಬಿಸಿದೆ.

ಈ ವಿಷಯವನ್ನು ನೋಡಲು ಮೈಸೂರು ತಕ್ಕ ನೆಲೆ. ಮರವನ್ನು ಎಷ್ಟು ಬಗೆಯಲ್ಲಿ ಅಳೆಯಬಹುದೋ ಅಷ್ಟೂ ಬಗೆ ಈ ನಗರದ ಸುತ್ತ ಸಿಗುತ್ತವೆ. ಅಶೋಕಪುರಂನ ಅರಣ್ಯ ಭವನದ ಆವರಣದಲ್ಲಿ ಶ್ರೀಗಂಧದ ಕೋಠಿಯಿದೆ. ಅಲ್ಲಿ ಮರ ತಕ್ಕಡಿಯ ಲೆಕ್ಕಕ್ಕೆ ಬರುತ್ತದೆ. ಸುಮಾರು 45 ಕಿಲೋಮೀಟರ್ ದೂರದ ಹುಣಸೂರಿನ ಟಿಂಬರ್ ಡಿಪೋ ಮತ್ತು ಸಾಮಿಲ್ಲುಗಳಲ್ಲಿ ತೇಗ ಘನ ಅಡಿಯ ಲೆಕ್ಕ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು ಬೆಳೆಗಾರರು ಸೊಪ್ಪು ಹದಮಾಡುವ ಬ್ಯಾರನ್ನುಗಳಿಗೆ ತರಿಸುವ ಸೌದೆ ಲೋಡು ಮತ್ತು ಟನ್ನಿನ ಲೆಕ್ಕ. ನಗರದ ಕುಶಲಕರ್ಮಿಗಳ ಇನ್‌ಲೇ ಕೆಲಸಕ್ಕೆ ಬೇಕಾದ ಬೀಟೆಯಲ್ಲಿ ಅಳತೆಗಿಂತ ಬಣ್ಣ ಮತ್ತು ಎಳೆಯ ಓಟಕ್ಕೇ ಬೆಲೆ. ಒಂದೇ ಆ್ಯಪ್ ಇವೆಲ್ಲಕ್ಕೂ ಸಾಲದು.

ಬಿದಿರು ಕಡ್ಡಿಯಿಂದ ಟೇಪಿಗೆ

ಭಾರತದಲ್ಲಿ ಕಾಡನ್ನು ಅಳೆದು ಲೆಕ್ಕ ಇಡುವ ಪದ್ಧತಿಯನ್ನು ಬೇರೂರಿಸಿದವರು ಜರ್ಮನಿಯ ಸಸ್ಯವಿಜ್ಞಾನಿ ಡೀಟ್ರಿಚ್ ಬ್ರಾಂಡಿಸ್. 1856ರಲ್ಲಿ ಬರ್ಮಾದ ಪೆಗು ಕಾಡುಗಳ ಹೊಣೆ ಹೊತ್ತಾಗ ಅವರು ಆನೆಯ ಮೇಲೆ ಕುಳಿತು, ಸಾಗುವ ಹಾದಿಯ ಇಕ್ಕೆಲದ ತೇಗದ ಮರಗಳನ್ನು ಗಾತ್ರದ ವರ್ಗಗಳಾಗಿ ವಿಂಗಡಿಸಿ, ಒಂದೊಂದು ಮರಕ್ಕೂ ಬಿದಿರು ಕಡ್ಡಿಯ ಮೇಲೆ ಚಾಕುವಿನಿಂದ ಒಂದೊಂದು ಗೀರು ಹಾಕಿಕೊಂಡು ಹೋಗುತ್ತಿದ್ದರು. ಸುರಿಯುವ ಮಳೆಯಲ್ಲಿ ಕಾಗದ ಉಳಿಯದು, ಬಿದಿರು ಉಳಿಯುತ್ತದೆ. ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದ 1864ರಲ್ಲೇ ಮೈಸೂರು ಸಂಸ್ಥಾನದ ಅರಣ್ಯ ಇಲಾಖೆಯೂ ಹುಟ್ಟಿತು. ಇಂದಿನ ಕರ್ನಾಟಕ ಅರಣ್ಯ ಇಲಾಖೆ ತನ್ನ ವಯಸ್ಸನ್ನು ಎಣಿಸುವುದು ಅಲ್ಲಿಂದಲೇ.

ಆ ಕಾಲದಿಂದೀಚೆಗೆ ಬಳಕೆಗೆ ಬಂದ ಸಲಕರಣೆಗಳು ಸರಳವಾದವು. ಸುತ್ತಳತೆಗೆ ಟೇಪು. ಎತ್ತರಕ್ಕೆ ಕೋನ ಅಳೆಯುವ ಆಬ್ನಿ ಲೆವೆಲ್, ಹಾಗಾ ಆಲ್ಟಿಮೀಟರ್‌ಗಳಂಥ ಉಪಕರಣಗಳು. ಕಡಿದ ದಿಮ್ಮಿಗೆ ನಂಬರು, ಸುತ್ತಿಗೆಯ ಮುದ್ರೆ, ಅಳತೆ ಪಟ್ಟಿಯಲ್ಲಿ ಒಂದು ಸಾಲು. ನಿಂತ ಮರವನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುವುದು ಭಾರತದ ರೂಢಿ. ನಾಲ್ಕೂವರೆ ಅಡಿಯ ಹಳೆಯ ನಿಯಮವೇ ಮೆಟ್ರಿಕ್ ವೇಷ ತೊಟ್ಟಿದೆ. ಯುರೋಪಿನ ಹಲವು ದೇಶಗಳಲ್ಲಿ ಈ ಎತ್ತರ 1.3 ಮೀಟರ್. ಇಲ್ಲಿನ ಅರಣ್ಯ ಗಾರ್ಡ್ ಹೇಳುವುದು ಸುತ್ತಳತೆ, ಅಲ್ಲಿಯ ಆ್ಯಪ್ ಕೇಳುವುದು ವ್ಯಾಸ. ಹೊರದೇಶದ ಆ್ಯಪನ್ನು ಹುಣಸೂರಿನ ತೇಗದ ತೋಪಿಗೆ ಒಯ್ಯುವವರು ಮೊದಲು ಸರಿಪಡಿಸಿಕೊಳ್ಳಬೇಕಾದದ್ದು ಈ ಎರಡನ್ನು.

ಕಾಲು ಸುತ್ತಳತೆಯ ಲೆಕ್ಕ

ಆ್ಯಪ್ ತೋರಿಸುವ ಅಂಕಿಗೂ ಡಿಪೋದ ಅಂಕಿಗೂ ತಾಳೆಯಾಗದೆ ಎಷ್ಟೋ ಜಗಳಗಳಾಗುತ್ತವೆ. ಅದರ ಮೂಲ ಹೆಚ್ಚಿನ ಸಲ ಒಂದೇ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು.

ನಮ್ಮ ಮರದ ವ್ಯಾಪಾರದಲ್ಲಿ ದುಂಡು ದಿಮ್ಮಿಯ ಅಳತೆಗೆ ಕಾಲು ಸುತ್ತಳತೆಯ ಸೂತ್ರ ನಡೆದುಬಂದಿದೆ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು. ಇಂಗ್ಲೆಂಡಿನ ಎಡ್ವರ್ಡ್ ಹೊಪ್ಪಸ್ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಇದು ಹೆಸರಾಯಿತು. ನಡುವೆ ನಾಲ್ಕು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ಒಂದು ತೇಗದ ದಿಮ್ಮಿ ಇದೆ ಎನ್ನಿ. ಕಾಲು ಸುತ್ತಳತೆ ಒಂದು ಅಡಿ. ಲೆಕ್ಕ ಹತ್ತು ಘನ ಅಡಿ. ಅದೇ ದಿಮ್ಮಿಯನ್ನು ದುಂಡು ಕಂಬವೆಂದೇ ಹಿಡಿದು ನಿಜವಾದ ಘನ ಅಳತೆ ತೆಗೆದರೆ 12.73 ಘನ ಅಡಿ ಬರುತ್ತದೆ. ನಿಜ ಅಳತೆಗೆ ಹೋಲಿಸಿದರೆ ವ್ಯತ್ಯಾಸ ಶೇಕಡಾ 21ಕ್ಕೂ ಮಿಗಿಲು. ದಿಮ್ಮಿ ಅದೇ, ಟೇಪೂ ಅದೇ.

ಹಾಗೆಂದು ಕಾಲು ಸುತ್ತಳತೆಯ ಲೆಕ್ಕವನ್ನು ಮೋಸ ಎನ್ನಲಾಗದು. ದುಂಡು ದಿಮ್ಮಿಯನ್ನು ಚೌಕ ಕೊಯ್ದಾಗ ಅಂಚಿನ ಸೀಳು, ಗರಗಸದ ಪುಡಿ ನಷ್ಟವಾಗುತ್ತವೆ. ಆ ನಷ್ಟಕ್ಕೆ ಮೊದಲೇ ಜಾಗ ಬಿಟ್ಟ ಲೆಕ್ಕವಿದು. ಮಾರುಕಟ್ಟೆಯ ದರವೂ ಇದೇ ಅಡಿಗೆ ಹೊಂದಿಕೊಂಡು ನಿಂತಿದೆ. ತೊಡಕು ಹುಟ್ಟುವುದು ಎರಡು ಲೆಕ್ಕಗಳು ಬೆರೆತಾಗ. ರೈತ ಡೌನ್‌ಲೋಡ್ ಮಾಡಿಕೊಂಡ ಆ್ಯಪ್ ನಿಜ ಘನ ಅಳತೆ ತೋರಿಸುತ್ತದೆ, ವ್ಯಾಪಾರಿ ಹೇಳಿದ ದರ ಕಾಲು ಸುತ್ತಳತೆಯ ಅಡಿಗೆ ಸೇರಿದ್ದು. ಒಬ್ಬನಿಗೆ ತನ್ನನ್ನು ವಂಚಿಸಿದರೆಂಬ ಸಿಟ್ಟು, ಇನ್ನೊಬ್ಬನಿಗೆ ಈತ ಕಾಣದ ಮರಕ್ಕೆ ಹಣ ಕೇಳುತ್ತಿದ್ದಾನೆಂಬ ಸಿಟ್ಟು. ಘನ ಮೀಟರಿನಲ್ಲೂ ಇದೇ ಕಥೆ: 35.3 ಘನ ಅಡಿ ಸೇರಿದರೆ ಒಂದು ನಿಜ ಘನ ಮೀಟರ್. ಕಾಲು ಸುತ್ತಳತೆಯ ಅಡಿಗಳಾದರೆ ಸುಮಾರು 27.7 ಸಾಕು.

ಸೂತ್ರದ ಆಯ್ಕೆಯನ್ನು ಸೆಟ್ಟಿಂಗ್ಸ್ ಪುಟದಲ್ಲಿ ಅಡಗಿಸಿಟ್ಟು ಬರೀ ಕೊನೆಯ ಅಂಕಿಯನ್ನು ದೊಡ್ಡಕ್ಷರದಲ್ಲಿ ತೋರಿಸುವ ಆ್ಯಪ್‌ಗಳು ಈ ಕಾರಣಕ್ಕೆ ಕೆಟ್ಟ ಆ್ಯಪ್‌ಗಳು, ಅವುಗಳ ಕ್ಯಾಮೆರಾ ಕೆಲಸ ಎಷ್ಟೇ ಚೆನ್ನಾಗಿರಲಿ.

ಸುತ್ತಳತೆಯಲ್ಲಿ ಆಗುವ ತಪ್ಪು ಘನ ಅಳತೆಯಲ್ಲಿ ಇಮ್ಮಡಿಯಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು. ಮೇಲಿನ ದಿಮ್ಮಿಯನ್ನು ಒಂದೇ ಒಂದು ಅಂಗುಲ ಕಡಿಮೆ, ಅಂದರೆ 47 ಅಂಗುಲವೆಂದು ಹಿಡಿದರೆ ಹತ್ತು ಘನ ಅಡಿ 9.6ಕ್ಕೆ ಇಳಿಯುತ್ತದೆ. ಟೇಪನ್ನು ಓರೆಯಾಗಿ ಸುತ್ತಿದರೆ, ತೊಗಟೆ ಸೇರಿಸಿ ಅಳೆದರೆ, ಗಂಟಿನ ಮೇಲೆ ಹಿಡಿದರೆ ಅಂಕಿ ಏರುತ್ತದೆ. ಮುರುಕು ಅಂಗುಲಗಳನ್ನು ಪ್ರತಿ ಸಲ ಕೆಳಕ್ಕೇ ಬಿಟ್ಟರೆ ಇಳಿಯುತ್ತದೆ. ಹಳಬರು ಟೇಪು ಹಿಡಿಯುವ ಕೈಯನ್ನೇ ನೋಡುತ್ತಿದ್ದುದು ಇದಕ್ಕೇ.

ಫೋನು ಅಳೆಯುವ ಬಗೆ

ಮೊದಲ ಬಗೆ ಎತ್ತರದ ಅಳತೆ. ಫೋನು ಎಷ್ಟು ವಾಲಿದೆ ಎಂಬುದನ್ನು ಅದರೊಳಗಿನ ಸಂವೇದಕ ತಿಳಿಸುತ್ತದೆ. ಮರದಿಂದ 20 ಮೀಟರ್ ದೂರ ನಿಂತು ತುದಿಗೆ ಗುರಿಯಿಟ್ಟಾಗ ಕೋನ 40 ಡಿಗ್ರಿ ಬಂದರೆ ಕಣ್ಣಿನ ಮಟ್ಟದಿಂದ ಮೇಲಕ್ಕೆ ಮರ 16.8 ಮೀಟರ್. ಬುಡದ ಕಡೆಯ ಕೋನವನ್ನೂ ಹಿಡಿದು ಕೆಳಗಿನ 1.6 ಮೀಟರ್ ಕೂಡಿಸಿದರೆ ಒಟ್ಟು 18.4. ಕೈ ನಡುಗಿ ಒಂದು ಡಿಗ್ರಿ ಹೆಚ್ಚಾದರೆ ಮರ 60 ಸೆಂಟಿಮೀಟರ್ ಬೆಳೆದುಬಿಡುತ್ತದೆ. ವಾಲಿದ ಮರದಲ್ಲಿ, ಅಗಲ ಕೊಡೆ ಹರಡಿದ ಮರದಲ್ಲಿ ತಪ್ಪು ಇನ್ನೂ ದೊಡ್ಡದು, ಏಕೆಂದರೆ ತುದಿಯೆಂದು ನಮಗೆ ಕಾಣುವುದು ಎಷ್ಟೋ ಸಲ ನಮ್ಮ ಕಡೆಗೆ ಚಾಚಿದ ಕೊಂಬೆ. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ನೆಲದ ಮೇಲೆ ಅಳೆದ ದೂರವನ್ನೇ ಮಟ್ಟ ದೂರವೆಂದು ಕೊಟ್ಟರೆ ಲೆಕ್ಕ ಕೆಡುತ್ತದೆ. ಸ್ವೀಡನ್ನಿನ ಆರ್ಬೋರಿಯಲ್ ಎಂಬ ಆ್ಯಪ್ ಕ್ಯಾಮೆರಾದ ದೃಶ್ಯದ ಮೇಲೆ ಗುರುತುಗಳನ್ನು ಕೂರಿಸಿ ದೂರವನ್ನು ತಾನೇ ಅಂದಾಜಿಸುತ್ತದೆ. ಆ್ಯಪಲ್ 2017ರಲ್ಲೂ ಗೂಗಲ್ 2018ರಲ್ಲೂ ಇಂಥ ದೃಶ್ಯ ಜೋಡಣೆಯ ಸೌಕರ್ಯವನ್ನು ಫೋನುಗಳಿಗೆ ಕೊಟ್ಟ ಮೇಲೆ ಈ ಬಗೆ ಸುಲಭವಾಯಿತು.

ಎರಡನೆಯದು ಆಸ್ಟ್ರಿಯದ ಅರಣ್ಯಾಧಿಕಾರಿ ವಾಲ್ಟರ್ ಬಿಟ್ಟರ್‌ಲಿಖ್ 1948ರಲ್ಲಿ ಪ್ರಕಟಿಸಿದ ಕೋನ ಎಣಿಕೆಯ ವಿಧಾನ. ಅರಣ್ಯಮಾಪನದಲ್ಲಿ ಇಷ್ಟು ಸೊಗಸಾದ ಯೋಚನೆ ಇನ್ನೊಂದಿಲ್ಲ. ಒಂದೆಡೆ ನಿಂತು ಒಂದು ಸುತ್ತು ತಿರುಗುತ್ತ, ನಿಗದಿ ಕೋನಕ್ಕಿಂತ ದಪ್ಪ ಕಾಣುವ ಕಾಂಡಗಳನ್ನಷ್ಟೇ ಎಣಿಸಿದರೆ ಸಾಕು. ಒಂದು ಹೆಕ್ಟೇರಿನಲ್ಲಿರುವ ಮರಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಆ ಎಣಿಕೆಯಿಂದಲೇ ಸಿಗುತ್ತದೆ. ಮೂಲ ಪ್ರಮಾಣ ಒಂದಕ್ಕೆ ಐವತ್ತು: 40 ಸೆಂಟಿಮೀಟರ್ ವ್ಯಾಸದ ಮರ 20 ಮೀಟರಿನ ಒಳಗಿದ್ದರೆ ಎಣಿಕೆಗೆ ಸೇರುತ್ತದೆ, ಆಚೆಗಿದ್ದರೆ ಇಲ್ಲ. ಸೇರಿದ ಒಂದೊಂದು ಮರವೂ ಹೆಕ್ಟೇರಿಗೆ ಒಂದು ಚದರ ಮೀಟರ್. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೂಪುಗೊಂಡ ಮೋತಿ ಆ್ಯಪ್ ಫೋನಿನ ಪರದೆಯನ್ನೇ ಈ ಉಪಕರಣವಾಗಿಸಿತು. ಫಿನ್‌ಲೆಂಡಿನ ಟ್ರೆಸ್ಟಿಮಾ ಛಾಯಾಚಿತ್ರದಿಂದ, ಸ್ವೀಡನ್ನಿನ ಕಟಾಮ್ ವಿಡಿಯೊದಿಂದ ಕಾಂಡಗಳನ್ನು ಗುರುತಿಸುತ್ತವೆ.

ಮೂರನೆಯದು ಲೇಸರ್. 2020ರಲ್ಲಿ ಐಪ್ಯಾಡ್ ಪ್ರೊ ಮತ್ತು ಐಫೋನ್ 12 ಪ್ರೊಗಳಿಗೆ ಲೈಡಾರ್ ಸಂವೇದಕ ಬಂತು. ಬೆಳಕಿನ ಮಿಡಿತ ಹೋಗಿ ಬರುವ ಹೊತ್ತಿನಿಂದ ಇದು ದೂರ ತಿಳಿಯುತ್ತದೆ. ಜಪಾನಿನ ಸಂಶೋಧಕರ ಫಾರೆಸ್ಟ್‌ಸ್ಕ್ಯಾನರ್ ಆ್ಯಪ್ ಇದನ್ನು ಬಳಸಿ, ಮರಗಳ ನಡುವೆ ನಡೆದುಹೋಗುವಾಗಲೇ ಕಾಂಡದ ವ್ಯಾಸವನ್ನೂ ಮರ ನಿಂತ ಸ್ಥಳವನ್ನೂ ದಾಖಲಿಸುತ್ತದೆ. ಸಂವೇದಕದ ಕಣ್ಣು ಸುಮಾರು ಐದು ಮೀಟರಿನಾಚೆ ಹಾಯದು. ಆದ್ದರಿಂದ ಎದೆಮಟ್ಟದ ದಪ್ಪಕ್ಕೆ ಇದು ಒಳ್ಳೆಯ ಸಾಧನ, ಎತ್ತರಕ್ಕೆ ಅಲ್ಲ. ಮೈಸೂರು ಸೀಮೆಯ ಗಾರ್ಡ್‌ಗಳ ಕೈಯಲ್ಲೂ ರೈತರ ಕೈಯಲ್ಲೂ ಇರುವ ಸಾಮಾನ್ಯ ಆಂಡ್ರಾಯ್ಡ್ ಫೋನುಗಳಲ್ಲಿ ಈ ಸಂವೇದಕವೇ ಇರುವುದಿಲ್ಲ.

ದಿಮ್ಮಿಗಳ ರಾಶಿಗೆ ಬೇರೆ ಬಗೆ. ಎಸ್ಟೋನಿಯಾದ ಟಿಂಬೆಟರ್‌ನಂಥ ಆ್ಯಪ್‌ಗಳಲ್ಲಿ ಜೋಡಿಸಿಟ್ಟ ರಾಶಿಯ ಮುಂಭಾಗವನ್ನು ಚಿತ್ರ ತೆಗೆದರೆ ದಿಮ್ಮಿಗಳ ತುದಿಗಳನ್ನು ಯಂತ್ರವೇ ಗುರುತಿಸಿ, ಎಣಿಸಿ, ವ್ಯಾಸ ಕೊಡುತ್ತದೆ. ಪ್ರಮಾಣಕ್ಕೆ ಚಿತ್ರದಲ್ಲಿ ಗೊತ್ತಿರುವ ಉದ್ದದ ಒಂದು ಗುರುತು ಬೇಕು, ದಿಮ್ಮಿಯ ಉದ್ದವನ್ನು ನಾವೇ ತುಂಬಬೇಕು. ಒಂದೇ ಉದ್ದಕ್ಕೆ ಕತ್ತರಿಸಿದ ಪೈನ್, ಸ್ಪ್ರೂಸ್ ರಾಶಿಗಳಿಗೆ ಇದು ಹೇಳಿ ಮಾಡಿಸಿದ್ದು. ನಮ್ಮ ಡಿಪೋಗಳ ತೇಗಕ್ಕೆ ಅಷ್ಟು ಒಗ್ಗದು. ಬುಡದ ತುಂಡು ಮಡಿಕೆ ಮಡಿಕೆಯಾಗಿ ಅಗಲಿಸಿರುತ್ತದೆ, ತುದಿಯ ತುಂಡು ಸಪೂರ. ಒಂದು ಮುಖವನ್ನಷ್ಟೇ ಕಂಡ ಕ್ಯಾಮೆರಾ ನಡುಭಾಗದ ಸುತ್ತಳತೆಯನ್ನು ಊಹಿಸಬೇಕಾಗುತ್ತದೆ. ಒಳಗಿನ ಪೊಳ್ಳನ್ನು ಚಿತ್ರ ಹೇಳಲಾರದು. ಹರಾಜಿನ ಲಾಟಿನಲ್ಲಿ ಒಂದೊಂದು ದಿಮ್ಮಿಗೂ ಪ್ರತ್ಯೇಕ ನಂಬರು, ಪ್ರತ್ಯೇಕ ಅಳತೆ ಇರಲೇಬೇಕೆಂಬ ನಮ್ಮ ಪದ್ಧತಿ ಹಳೆಯದಾದರೂ ಸರಿಯಾದದ್ದು.

ಸೌದೆಯ ರಾಶಿಯಲ್ಲಿ ಮಾತ್ರ ಈ ಬಗೆಯ ಆ್ಯಪಿಗೆ ಇಲ್ಲಿ ನಿಜವಾದ ಕೆಲಸವಿದೆ. ಜೋಡಿಸಿದ ರಾಶಿಯ ಹೊರ ಅಳತೆಯಲ್ಲಿ ಸಂದಿಗಳ ಗಾಳಿಯೂ ಸೇರಿರುತ್ತದೆ. ಮರ ಎಷ್ಟು, ಸಂದಿ ಎಷ್ಟು ಎಂಬುದನ್ನು ಚಿತ್ರದಿಂದ ತಿಳಿಯಬಹುದು. ಇನ್ನು ತೂಕದ ಲೆಕ್ಕದಲ್ಲಿ ಹಸಿ ಸೌದೆಗೂ ಒಣ ಸೌದೆಗೂ ಇರುವ ಅಂತರವನ್ನು ಬ್ಯಾರನ್ ಉರಿಸುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶ್ರೀಗಂಧ: ಆ್ಯಪ್ ನಿಲ್ಲುವ ಜಾಗ

ಮೈಸೂರಿನ ಹೆಸರಿನೊಂದಿಗೆ ಬೆಸೆದ ಮರವೇ ಈ ತಂತ್ರಕ್ಕೆ ಒಗ್ಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ, 1916–17ರ ಹೊತ್ತಿಗೆ ನಗರದಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಕೋಠಿಯ ಲೆಕ್ಕ ಇಂದು ಕಿಲೋ, ಟನ್ನುಗಳದ್ದು. ಗಂಧದಲ್ಲಿ ಬೆಲೆಯಿರುವುದು ಚೇಗಿಗೆ. ಹೊರಗಿನ ಬಿಳಿ ಮರಕ್ಕೆ ಕಂಪಿಲ್ಲ. ಒಂದೇ ಸುತ್ತಳತೆಯ ಎರಡು ಮರಗಳಲ್ಲಿ ಒಂದಕ್ಕೆ ಗಟ್ಟಿ ಚೇಗು ಕೂಡಿರಬಹುದು, ಇನ್ನೊಂದಕ್ಕೆ ಬೆರಳು ದಪ್ಪವೂ ಇರದಿರಬಹುದು. ಮಣ್ಣು, ವಯಸ್ಸು, ಆಸರೆ ಗಿಡ ಎಲ್ಲವೂ ಅದನ್ನು ನಿರ್ಧರಿಸುತ್ತವೆ. ಬೇರಿಗೂ ಬೆಲೆಯುಂಟು, ಆದ್ದರಿಂದ ಗಂಧವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ನೆಲದೊಳಗಿನ ಬೇರನ್ನೂ ಕಾಂಡದೊಳಗಿನ ಚೇಗನ್ನೂ ಯಾವ ಕ್ಯಾಮೆರಾವೂ ಕಾಣದು. ಒಳಗನ್ನು ತಿಳಿಯಲು ಕಾಂಡಕ್ಕೆ ಸಣ್ಣ ಕೊಳವೆ ಹಾಯಿಸಿ ಕಡ್ಡಿಯಷ್ಟು ಮಾದರಿ ತೆಗೆಯುವುದು ಒಂದು ದಾರಿ.

2001ರ ತಿದ್ದುಪಡಿಯಿಂದ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯನಾದ. ಆ ಬಳಿಕ ಗಂಧ ನೆಟ್ಟವರು ಸಾವಿರಾರು ಮಂದಿ. ಹತ್ತು ವರ್ಷದ ಗಿಡದ ಸುತ್ತಳತೆಯನ್ನು ಫೋನಿಗೆ ಕೊಟ್ಟು ಇಷ್ಟು ಕಿಲೋ ಚೇಗು, ಇಷ್ಟು ಲಕ್ಷ ರೂಪಾಯಿ ಎಂದು ಲೆಕ್ಕ ಒಪ್ಪಿಸುವವರ ಮಾತನ್ನು ಅವರು ನಂಬಬಾರದು. ಗಂಧದ ತೋಟದಲ್ಲಿ ಫೋನಿಗಿರುವ ಪ್ರಾಮಾಣಿಕ ಕೆಲಸ ಎಂದರೆ ಒಂದೊಂದು ಗಿಡದ ಸ್ಥಳ, ನೆಟ್ಟ ವರ್ಷ, ಬೆಳವಣಿಗೆಯನ್ನು ಚಿತ್ರಸಮೇತ ದಾಖಲಿಸಿಡುವುದು. ಕಳ್ಳತನವಾದಾಗ ಆ ದಾಖಲೆ ನೆರವಿಗೆ ಬರುತ್ತದೆ.

ಕಾಡು, ಹೊಲ, ಬೀದಿ

ಮೈಸೂರಿಗೆ ಅಂಟಿದ ದೊಡ್ಡ ಕಾಡುಗಳಾದ ನಾಗರಹೊಳೆ, ಬಂಡೀಪುರಗಳು ಹುಲಿ ಮೀಸಲು ಪ್ರದೇಶಗಳು. ಮಾರುವುದಕ್ಕಾಗಿ ಅಲ್ಲಿ ಮರ ಕಡಿಯುವಂತಿಲ್ಲ. ಅಲ್ಲಿಯ ಸಿಬ್ಬಂದಿ ಗಸ್ತಿನ ಹಾದಿ, ಪ್ರಾಣಿಗಳ ಸುಳಿವು ದಾಖಲಿಸಲು 2010ರಲ್ಲಿ ಬಂದ ಎಂ-ಸ್ಟ್ರೈಪ್ಸ್ ವ್ಯವಸ್ಥೆಯಿಂದ ಫೋನಿಗೆ ಹೊಂದಿಕೊಂಡಿದ್ದಾರೆ. ಕಾಡಿನ ಬೆಳವಣಿಗೆ ತಿಳಿಯುವ ಸಮೀಕ್ಷೆಗೆ ಫೋನು ಒದಗೀತು. ಆದರೆ ಎರಡು ಅಡ್ಡಿಗಳಿವೆ. ಒಳಕಾಡಿನಲ್ಲಿ ನೆಟ್‌ವರ್ಕ್ ಇಲ್ಲ, ಎಲೆಹೊದಿಕೆಯ ಕೆಳಗೆ ಜಿಪಿಎಸ್ ಹಲವು ಮೀಟರ್ ಅತ್ತಿತ್ತ ತೋರಿಸುತ್ತದೆ. ಜೊತೆಗೆ ಈ ಕಾಡುಗಳ ನೆಲದ ದೊಡ್ಡ ಪಾಲನ್ನು ಲಂಟಾನ ಆವರಿಸಿದೆ. ಎದೆಮಟ್ಟದವರೆಗೆ ಎದ್ದ ಪೊದೆಯಲ್ಲಿ ಲೇಸರಿಗೆ ಕಾಣುವುದು ಲಂಟಾನವೇ ಹೊರತು ಮತ್ತಿ, ಹೊನ್ನೆಗಳ ಕಾಂಡವಲ್ಲ. ಟೇಪು ಹಿಡಿದವನು ಪೊದೆ ಸರಿಸಿ ಮರ ಮುಟ್ಟಬಲ್ಲ.

ಟಿ.ಎನ್. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ನಂತರ, ಮಂಜೂರಾದ ಕಾರ್ಯಯೋಜನೆ ಇಲ್ಲದೆ ಯಾವ ಕಾಡಿನಲ್ಲೂ ಮರ ಕಡಿಯುವಂತಿಲ್ಲ. ಸಾಮಿಲ್ಲುಗಳ ಮೇಲೂ ಬಿಗಿ ಬಂತು. ಆ ಮೇಲೆ ರೈತರ ಹೊಲದ ಮರಕ್ಕೆ ಬೇಡಿಕೆ ಏರಿತು: ತೇಗ, ಸಿಲ್ವರ್ ಓಕ್, ಪ್ಲೈವುಡ್ಡಿಗೆ ಹೋಗುವ ಹೆಬ್ಬೇವು, ಮೈಸೂರು ಗಮ್ ಎಂಬ ಹೆಸರಿನಿಂದ ದೇಶವೆಲ್ಲ ಹರಡಿದ ನೀಲಗಿರಿ. 2011–12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗಳನ್ನು ಎಣಿಸಿ ರೈತರಿಗೆ ಹಣ ಕೊಡುವ ಕ್ರಮವಿದೆ.

ಆ್ಯಪಿನ ನಿಜವಾದ ಅಗತ್ಯ ಇರುವುದು ಈ ಹೊಲಗಳಲ್ಲಿ. ಇಲಾಖೆಯ ಡಿಪೋದಲ್ಲಿ ಮರಕ್ಕೆ ಅಳತೆ ಪಟ್ಟಿಯಿದೆ, ಹರಾಜಿದೆ, ಮೇಲಧಿಕಾರಿಯ ತಪಾಸಣೆಯಿದೆ. ರೈತನ ಬದುವಿನ ಮರಕ್ಕೆ ಇವು ಯಾವುವೂ ಇಲ್ಲ. ವ್ಯಾಪಾರಿ ಬದುವಿನುದ್ದಕ್ಕೂ ಒಮ್ಮೆ ನಡೆದು, ಕಣ್ಣಂದಾಜಿನಲ್ಲಿ ಇಷ್ಟು ಮರಕ್ಕೆ ಇಷ್ಟು ಎಂದು ಒಟ್ಟು ಬೆಲೆ ಹೇಳುತ್ತಾನೆ. ಅವನ ಕಣ್ಣು ನೂರಾರು ತೋಪುಗಳನ್ನು ಕಂಡು ಪಳಗಿದ್ದು. ಇಪ್ಪತ್ತು ವರ್ಷಕ್ಕೊಮ್ಮೆ ಮರ ಮಾರುವ ರೈತನಿಗೆ ಆ ಪಳಗಿಕೆ ಎಲ್ಲಿಂದ ಬರಬೇಕು? ಮಾರುವ ಮೊದಲು ಒಂದು ದಿನ ಕೂತು ಐವತ್ತು ಮರಗಳ ಸುತ್ತಳತೆ ಹಿಡಿದು, ಎತ್ತರ ತೆಗೆದು, ತನ್ನದೇ ಒಂದು ಅಂದಾಜು ಕೈಯಲ್ಲಿಟ್ಟುಕೊಂಡ ರೈತ ಮಾತುಕತೆಗೆ ಬೇರೆಯೇ ನಿಲುವಿನಲ್ಲಿ ಕೂರುತ್ತಾನೆ. ಆ್ಯಪಿನ ಅಂದಾಜು ಶೇಕಡಾ ಹತ್ತರಷ್ಟು ತಪ್ಪಾಗಿದ್ದರೂ ಏನೂ ಇಲ್ಲದಿದ್ದುದಕ್ಕಿಂತ ಅದು ಎಷ್ಟೋ ಮೇಲು.

ನಗರದ ಬೀದಿ ಮರಗಳದು ಇನ್ನೊಂದು ಮಾತು. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲಿಸಲೆಂದು ಹೈದರಾಲಿ ರಸ್ತೆಯ ಸುಮಾರು 40 ಮರಗಳನ್ನು ಕಡಿದಾಗ ಮೈಸೂರಿನ ಜನ ಬೀದಿಗಿಳಿದರು. ಇಂಥ ಸಂದರ್ಭದಲ್ಲಿ ಮರಗಳ ಜಾತಿ, ಸುತ್ತಳತೆ, ಸ್ಥಳ, ಚಿತ್ರಗಳ ದಾಖಲೆ ನಾಗರಿಕರ ಬಳಿಯೂ ಮೊದಲೇ ಇದ್ದರೆ, ಏನು ಹೋಯಿತೆಂಬುದು ಬುಡಗಳ ಎಣಿಕೆಗೆ ಸೀಮಿತವಾಗದು. ಮರ ಕಾಯುವ ಕಾನೂನು ಹಳೆಯದು: ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಬಂದದ್ದು 1976ರಲ್ಲಿ. ಆದರೆ ಬೀದಿಯ ಮರವನ್ನು ಅಳೆದು ಬರೆದಿಡುವ ಸಾಧನ ಈಗ ಪ್ರತಿಯೊಬ್ಬನ ಜೇಬಿನಲ್ಲಿದೆ.

ಮುದ್ರೆಯ ಪ್ರಶ್ನೆ

ವ್ಯಾಪಾರದಲ್ಲಿ ಬಳಸುವ ತೂಕ ಮತ್ತು ಅಳತೆಯ ಸಾಧನಗಳನ್ನು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ಪರಿಶೀಲಿಸಿ ಮುದ್ರೆ ಹಾಕಿಸಬೇಕು. ಕಾನೂನು ಒಪ್ಪುವುದು ಮೆಟ್ರಿಕ್ ಮಾನವನ್ನು. ಮರದ ಅಡ್ಡೆಗಳಲ್ಲಿ ಬಾಯಿಮಾತು ಇನ್ನೂ ಸಿಎಫ್‌ಟಿಯದೇ, ಅಂದರೆ ಘನ ಅಡಿಯದೇ. ಜೇಬಿನ ಫೋನಿಗೆ ಅಂಥ ಮುದ್ರೆಯಿಲ್ಲ. ಅದೇ ಮರವನ್ನು ಎರಡು ಕಂಪನಿಗಳ ಫೋನುಗಳಲ್ಲಿ ಅಳೆದರೆ ಎರಡು ಉತ್ತರ ಬರಬಹುದು, ಒಂದು ಅಪ್‌ಡೇಟ್ ಆದ ಮೇಲೆ ಮೂರನೆಯದೂ ಬರಬಹುದು. ಹಾಗಾಗಿ ಇಂದಿನ ಮಟ್ಟಿಗೆ ಆ್ಯಪಿನ ಅಳತೆ ಅಂದಾಜಿಗೆ, ಯೋಜನೆಗೆ, ಮೇಲ್ವಿಚಾರಣೆಗೆ ಸಲ್ಲುತ್ತದೆ. ಬಿಲ್ಲಿಗೆ ಟೇಪೇ ಸಲ್ಲಬೇಕು.

ಸಾಗಣೆಯ ಕಡೆಯಲ್ಲಿ ಫೋನು ಆಗಲೇ ಕಾನೂನಿನ ಒಳಗೆ ಬಂದಿದೆ. ಕೇಂದ್ರ ಪರಿಸರ ಸಚಿವಾಲಯ 2023ರ ಡಿಸೆಂಬರ್ 29ರಂದು ದೇಶವ್ಯಾಪಿಯಾಗಿ ಆರಂಭಿಸಿದ ರಾಷ್ಟ್ರೀಯ ರಹದಾರಿ ವ್ಯವಸ್ಥೆಯಲ್ಲಿ ಮರ, ಬಿದಿರು ಸಾಗಿಸುವ ಪಾಸಿಗೆ ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ಪಾಸಿನ ಮೇಲೆ ಕ್ಯೂಆರ್ ಗುರುತಿರುತ್ತದೆ. ಮುಂದಿನ ಹೆಜ್ಜೆ, ಒಂದೊಂದು ದಿಮ್ಮಿಯ ಟೇಪಿನ ಅಳತೆಯೂ ಚಿತ್ರವೂ ಅದೇ ಪಾಸಿಗೆ ಸೇರುವುದು. ಮಾರ್ಗಮಧ್ಯೆ ದಿಮ್ಮಿ ಬದಲಾದರೆ ತನಿಖಾ ಠಾಣೆಯಲ್ಲೇ ಗೊತ್ತಾದೀತು.

ಆ್ಯಪನ್ನು ನಂಬುವ ಮೊದಲು ಪರೀಕ್ಷಿಸುವುದು ಕಷ್ಟವಲ್ಲ. ಹತ್ತು ಹನ್ನೆರಡು ಮರಗಳನ್ನು ಟೇಪಿನಲ್ಲೂ ಫೋನಿನಲ್ಲೂ ಅಳೆದು ಅಕ್ಕಪಕ್ಕ ಬರೆಯಿರಿ. ಫೋನಿನ ಅಂಕಿ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತಿದ್ದರೆ ಚಿಂತೆ ಕಡಿಮೆ. ನೂರು ಮರಗಳಲ್ಲಿ ಅದು ಬಹುಪಾಲು ಸರಿಹೋಗುತ್ತದೆ. ಪ್ರತಿ ಸಲ ಒಂದೇ ಕಡೆಗೆ ಎಳೆಯುತ್ತಿದ್ದರೆ ಆ ತಪ್ಪು ಮರದಿಂದ ಮರಕ್ಕೆ ಕೂಡುತ್ತಲೇ ಹೋಗುತ್ತದೆ. ಸುತ್ತಳತೆಯಲ್ಲಿ ಶೇಕಡಾ ಎರಡು ತಪ್ಪಿದರೆ ಒಟ್ಟು ಮರಮಟ್ಟಿನಲ್ಲಿ ಶೇಕಡಾ ನಾಲ್ಕು ತಪ್ಪುತ್ತದೆ, ಹೊಲದಲ್ಲಿ ಸಾವಿರ ಮರಗಳಿದ್ದರೂ. ಕೊನೆಯದಾಗಿ ಮರ ಮಾರಲು ಹೊರಟವರಿಗೆ ಒಂದು ಮಾತು: ಪರದೆಯ ಮೇಲಿನ ಅಂಕಿ ಕಾಲು ಸುತ್ತಳತೆಯದೋ ನಿಜ ಘನ ಅಳತೆಯದೋ, ತೊಗಟೆ ಸೇರಿದ್ದೋ ಬಿಟ್ಟದ್ದೋ ಎಂದು ವ್ಯಾಪಾರಿಯನ್ನೂ ಆ್ಯಪನ್ನೂ ಕೇಳಿ, ಎರಡೂ ಒಂದೇ ಉತ್ತರ ಕೊಡುವ ತನಕ ಬೆಲೆ ಒಪ್ಪಬೇಡಿ.